ಪರಟೆಯ ಸಬಕಾರ

ನವಲಗುಂದ
ತಾ. 12-4-1987, ರವಿವಾರ

ತುಳಸಾಬಾಯಿಯವರಿಗೆ,

ಸುಶೀಲವ್ವ ಮಾಡುವ ನಮಸ್ಕಾರ. ಹೌದು, ತುಳಸಾಬಾಯಿಯವರಿಗೆ ಎಂದೇ ಬರೆದಿದ್ದೇನೆ, ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಬೇಡ. ಯರಗುಪ್ಪಿಯ ಸಾಲೆಯಲ್ಲಿ ಒಂದೇ ತಟ್ಟಿನ ಮೇಲೆ ಕೂತ ದಿನದಿಂದ ನಿನ್ನನ್ನು ತುಳಸಾ ಎಂದಲ್ಲದೆ ಬೇರೆ ಕರೆದವಳಲ್ಲ ನಾನು. ಇವತ್ತು ಆ ಹೆಸರು ಬರೆಯಲು ಕೈ ಏಳಲಿಲ್ಲ. ಪತ್ರದ ಮೊದಲಿಗೆ ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯಬೇಕು. ಆರಾಮ ಇಲ್ಲ, ಅದಕ್ಕೇ ಬರೆದಿಲ್ಲ. ನೀನಂತೂ ಇಲ್ಲಿಂದ ವರ್ಗವಾಗಿ ಹೋಗಿ ಕಲಘಟಗಿಯಲ್ಲಿ ನಿನ್ನ ಯಜಮಾನರು ಏಕನಾಥರಾಯರ ಜೊತೆ ಚೆನ್ನಾಗಿದ್ದೀ ಎಂದು ಗೊತ್ತು. ರೇಡಿಯೋದಲ್ಲಿ ನಿನ್ನ ದನಿ ಬಹಳ ಸ್ಪಷ್ಟವಾಗಿ ಕೇಳಿಸಿತು.

ನೀನು ಮಾತಾಡಿದ್ದು ಮಾರ್ಚ್ ಹನ್ನೊಂದು, ಬುಧವಾರ. ಇಂದಿಗೆ ತಿಂಗಳ ಮೇಲೆ ಒಂದು ದಿನವಾಯಿತು. ಬೇಕೆಂದೇ ತಡ ಮಾಡಿದೆ. ಹೊಸ ಸಬಕಾರವನ್ನು, ನೀನು ಸೋಪು ಎನ್ನುವುದನ್ನು, ಒಂದು ತಿಂಗಳು ನೆರಳಿನಲ್ಲಿ ಇಡದೆ ಮುಟ್ಟಬಾರದು, ಕೈ ಸುಡುತ್ತದೆ ಎಂದು ಕಲಿಸಿದವಳು ನೀನು. ನಾಲಿಗೆಯ ತುದಿಗೆ ಹಚ್ಚಿ ನೋಡಬೇಕು, ಕಚ್ಚಿದರೆ ಇನ್ನೂ ಹಸಿ ಇದೆ ಎಂದು ತಿಳಿಯಬೇಕು ಎಂದಿದ್ದೆ. ನನ್ನ ಸಿಟ್ಟನ್ನೂ ಹಾಗೇ ಒಂದು ತಿಂಗಳು ಇಟ್ಟು ನೋಡಿದೆ. ಇವತ್ತಿಗೂ ಕಚ್ಚುತ್ತಿದೆ. ಇನ್ನು ಇಟ್ಟು ಉಪಯೋಗವಿಲ್ಲ ಎಂದು ಬರೆಯಲು ಕೂತೆ.

ನೀನು ಏನು ಮಾಡಿದೆ ಎಂಬುದು ನಿನಗೆ ತಿಳಿದಿಲ್ಲ ಎಂದೇ ನನ್ನ ಅನುಮಾನ. ತಿಳಿದಿದ್ದರೆ ಯುಗಾದಿಗೆ ಬೇವುಬೆಲ್ಲ ತಿಂದಿರಾ ಎಂದು ಕೇಳಿ ಅಷ್ಟು ಹಗುರವಾಗಿ ಕಾರ್ಡು ಹಾಕುತ್ತಿರಲಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಅರ್ಧ ನಿನಗೆ ಗೊತ್ತಿದ್ದದ್ದೇ. ಆದರೂ ಓದು.

ಆರು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ನೀನು ಇಲ್ಲಿಯ ಹೆಣ್ಣುಮಕ್ಕಳ ಸಾಲೆಗೆ ವರ್ಗವಾಗಿ ಬಂದೆ. ನಮ್ಮ ಪಡಸಾಲೆಯ ಬಾಜು ಖೋಲಿಯನ್ನೇ ನಿನಗೆ ಬಿಟ್ಟುಕೊಟ್ಟೆವು. ಹದಿನೆಂಟು ವರ್ಷದ ಮೇಲೆ ಬಾಲ್ಯದ ಗೆಳತಿ ಒಂದೇ ಸೂರಿನಡಿ ಬಂದಳೆಂದು ನಾನು ಓಣಿಯ ತುಂಬ ಸಕ್ಕರೆ ಹಂಚುವುದೊಂದು ಬಾಕಿ. ಆಗಲೇ ನಮ್ಮವರ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಹುಣ್ಣಾಗಿ ಕೀವು ಸುರಿಯತೊಡಗಿತ್ತು. ಹೊಲದಲ್ಲಿ ಹತ್ತಿಯ ಕಟ್ಟಿಗೆ ಚುಚ್ಚಿದ್ದು ಎಂದು ತಿಳಿದಿದ್ದೆವು. ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ ಎಂಬುದನ್ನು ನಾನು ಒಬ್ಬಳೇ ಗಮನಿಸಿದ್ದೆ, ಮತ್ತು ಅದನ್ನು ಯಾರಿಗೂ ಹೇಳಿರಲಿಲ್ಲ. ಬಿಸಿ ನೀರು ಹಾಕಿದರೂ ಆ ಕಾಲಿಗೆ ತಿಳಿಯುತ್ತಿರಲಿಲ್ಲ.

ಆಗ ನಮ್ಮ ಓಣಿಯ ಒಗೆಯಾಣವೆಲ್ಲ ತಾಯವ್ವನದು. ವಾರಕ್ಕೊಮ್ಮೆ ಬಂದು ಮನೆಮನೆಯ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ಕೆರೆಗೆ ಒಯ್ದು ತೊಳೆದು ತರುತ್ತಿದ್ದಳು. ಒಂದು ವಾರ ನನ್ನ ಮರೆವಿನಿಂದ ನಮ್ಮವರ ಕಾಲಿಗೆ ಕಟ್ಟಿದ್ದ ಅರಿವೆಯ ಪಟ್ಟಿಗಳೂ ಆ ಗಂಟಿನಲ್ಲಿ ಹೋದವು. ಅವುಗಳನ್ನು ಬೆಳ್ಳಗೆ ತೊಳೆದು, ಮಡಚಿ, ಬೇರೆ ಚಿಕ್ಕ ಗಂಟು ಕಟ್ಟಿ ತಂದಿಟ್ಟಳು. ಯಾರದು, ಏನು ಎಂದು ಒಂದು ಮಾತು ಕೇಳಲಿಲ್ಲ. ಅದರ ಮರುವಾರವೇ ನನ್ನ ತವರಿನ ದಾಳಿಂಬೆ ಬಣ್ಣದ ಇಳಕಲ್ ಸೀರೆ ಹೋಯಿತು. ನಮ್ಮವ್ವ ತನ್ನ ಕೊನೆಯ ವರ್ಷ ನನಗೆ ಉಡಿಸಿದ ಸೀರೆ ಅದು, ನಿನಗೆ ನೆನಪಿದ್ದೀತು. ತಾಯವ್ವ ತಂದುಕೊಟ್ಟಿದ್ದೇನೆ ಎಂದಳು, ಅವಳು ತಂದೇ ಇಲ್ಲ ಎಂದು ನಾನೆಂದೆ. ನನ್ನ ಪರವಾಗಿ ನೀನೇ ಅವಳನ್ನು ಸಾಲೆಯ ಬಾಗಿಲಲ್ಲಿ ನಿಲ್ಲಿಸಿ ಬೈದು ಬಂದೆ. ಓಣಿಯ ಹನ್ನೊಂದು ಮನೆಯವರೂ ಅವಳಿಗೆ ಅರಿವೆ ಹಾಕುವುದನ್ನು ಬಿಟ್ಟರು. ಆಮೇಲೆ ಅವಳು ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗತೊಡಗಿದಳು. ಹೋಗಲಿ, ಅದು ಬೇರೆ ಮಾತು.

ಹಾಗೆ ಮನೆಯ ಒಗೆಯಾಣ ನನ್ನ ಕೊರಳಿಗೆ ಬಿತ್ತು. ನಾನು ಪಟ್ಟಿಗಳನ್ನು ಹಿತ್ತಲಲ್ಲಿ ಕದ್ದು ತೊಳೆಯುವುದನ್ನು ನೀನು ಒಂದು ಮಧ್ಯಾಹ್ನ ಕಂಡೆ. ಸಾಲೆಗೆ ಬರುವ ನರ್ಸಬಾಯಿಯಿಂದ ಏನೇನೋ ಕೇಳಿ ತಿಳಿದವಳು ನೀನು, ಅವರ ಕಾಲು ನೋಡಿದೊಡನೆ ನಿನ್ನ ಮುಖ ಬಾಡಿತು. ನೀನೇ ಮುಂದೆ ನಿಂತು ಅವರನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದೆ, ಇಂಗ್ಲಿಷಿನಲ್ಲಿ ಬರೆದ ಚೀಟಿ ಓದಿದೆ. ಆ ಹೆಸರು ಬರೆಯಲು ಇವತ್ತಿಗೂ ನನಗೆ ಧೈರ್ಯವಿಲ್ಲ. ಆದರೆ ನೀನು ಮೂರು ಜಿಲ್ಲೆಗೆ ಕೇಳುವಂತೆ ಹೇಳಿದ ಮೇಲೆ ನಾನು ಮುಚ್ಚಿಟ್ಟುಕೊಂಡು ಏನು ಮಾಡಲಿ? ಕುಷ್ಠ ಎಂದೇ ಬರೆಯುತ್ತೇನೆ. ಅವರು ಮೂರು ವರ್ಷ ತಪ್ಪದೆ ಗುಳಿಗೆ ನುಂಗಿದರು. ಪೂರ್ತಿ ಗುಣವಾಯಿತು, ಇನ್ನೊಬ್ಬರಿಗೆ ಹತ್ತುವ ಭಯವಿಲ್ಲ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ಇನ್ನೂ ನನ್ನ ಬಳಿ ಇದೆ. ಎರಡು ಬೆರಳು ಮಾತ್ರ ಮೊಂಡಾದವು. ಬೂಟು ಹಾಕಿದರೆ ಅದೂ ಕಾಣುವುದಿಲ್ಲ.

ದವಾಖಾನೆಯಿಂದ ಬಂದ ದಿನ ಅಡಿಗೆಮನೆಯಲ್ಲಿ ನಾನು ಅತ್ತೆ. ಮಗಳು ಬೆಳೆಯುತ್ತಿದ್ದಾಳೆ, ಈ ಸುದ್ದಿ ಹೊರಬಿದ್ದರೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದೆ. ನೀನು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ.

"ಸುಶೀಲಿ, ಈ ಮಾತು ನಿನ್ನ ಹೊಸ್ತಿಲಾ ದಾಟಂಗಿಲ್ಲ. ನನ್ನ ಕೊಳ್ಳಾಗಿನ ತಾಳಿ ಮುಟ್ಟಿ ಹೇಳ್ತೀನಿ."

ಆಮೇಲೆ ಶುರುವಾಯಿತಲ್ಲ ನಮ್ಮ ಸಬಕಾರದ ಪುರಾಣ. ಕೀವಿನ ಅರಿವೆಗೆ ದಿನಾ ಸಬಕಾರ ಬೇಕು. ಅಂಗಡಿಯಿಂದ ಅಷ್ಟು ತಂದರೆ ಹಸನಸಾಬನೇ, ಅವ್ವಾರ, ಇಷ್ಟು ಸಬಕಾರ ತಿಂತೀರೇನ್ರಿ ಎಂದು ಕೇಳುವಂತಾಗಿತ್ತು. ಮನೆಯಲ್ಲೇ ಮಾಡೋಣ, ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದಾರೆ ಎಂದು ನೀನು ಎದೆ ಸೆಟೆದು ನಿಂತೆ. ಕಾಸ್ಟಿಕ್ ಸೋಡಾ ತರಿಸಿದೆ. ನಾನು ಅಲ್ಯೂಮಿನಿಯಂನ ಜರ್ಮನ್ ಪಾತ್ರೆ ಕೊಟ್ಟೆ, ನೀನೂ ಬೇಡ ಎನ್ನಲಿಲ್ಲ, ಟೀಚರಬಾಯಿ. ಸೋಡಾ ಬಿದ್ದ ಕೂಡಲೇ ಪಾತ್ರೆ ಬುಸುಗುಟ್ಟಿ ಕಪ್ಪಾಗಿ ತಳ ತೂತು ಬಿತ್ತು. ನಾವಿಬ್ಬರೂ ಸೆರಗು ಮೂಗಿಗೆ ಹಿಡಿದು ಹಿತ್ತಲಿಗೆ ಓಡಿ ನಕ್ಕ ನಗೆಗೆ ನಮ್ಮವರು ಕುಂಟುತ್ತ ಬಂದು ನೋಡಿದರು. ಆ ವರ್ಷ ಆ ಮನೆಯಲ್ಲಿ ನಕ್ಕದ್ದು ಅದೊಂದೇ ದಿನ. ಆಮೇಲೆ ಮಣ್ಣಿನ ಗಡಿಗೆ ತಂದೆವು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹೊಯ್ಯಬಾರದು ಎಂದು ನೀನು ಹತ್ತು ಸಲ ಹೇಳಿಸಿದೆ. ಅದು ಆರಿದ ಮೇಲೆ ಕುಸುಬಿ ಎಣ್ಣೆ ಹೊಯ್ದು, ಬೇವಿನ ಕಟ್ಟಿಗೆಯಿಂದ ರಟ್ಟೆ ಬೀಳುವ ತನಕ ತಿರುವಿ, ಗಂಜಿಯಂತೆ ಗಟ್ಟಿಯಾದ ಮೇಲೆ ಹೊಯ್ದಿಟ್ಟೆವು.

ತಿಂಗಳ ಮೇಲೆ ನೋಡಿದರೆ ನಮ್ಮ ಬಾವಿಯ ಸವಳು ನೀರಿಗೆ ಆ ಸಬಕಾರ ನೊರೆಯೇ ಬಿಡಲಿಲ್ಲ. ಒಡೆದ ಹಾಲಿನಂತಾಗಿ ಅರಿವೆಗೆ ಅಂಟಿಕೊಂಡಿತು. ಪುಸ್ತಕದಲ್ಲಿ ಹೀಗೆ ಬರೆದಿಲ್ಲ ಎಂದು ನೀನು ಕೈ ಚೆಲ್ಲಿದೆ. ಪುಸ್ತಕ ಬರೆದವರು ನವಲಗುಂದದ ನೀರು ಕುಡಿದಿದ್ದರೆ ತಾನೇ? ಬಿಡದೆ ನಾಲ್ಕು ಸಲ ಮಾಡಿ ನೋಡಿದವಳು ನಾನು. ಐದನೆಯ ಸಲ ಎಣ್ಣೆ ಸಾಲದೆ ಮಗಳು ಮಹಾನಂದಾಳ ತಲೆಗೆಂದು ಇಟ್ಟು ಕಮಟು ಹಿಡಿದಿದ್ದ ಕೊಬ್ಬರಿ ಎಣ್ಣೆಯನ್ನೂ ಅರ್ಧಕ್ಕರ್ಧ ಸುರಿದೆ. ಆ ಸಬಕಾರ ನಮ್ಮ ಸವಳು ನೀರಿನಲ್ಲೂ ಮೊಣಕೈ ತನಕ ನೊರೆ ಬಿಟ್ಟಿತು. ಹೊಯ್ದಿಡಲು ಅಚ್ಚು ಇರಲಿಲ್ಲವೆಂದು ತೆಂಗಿನ ಪರಟೆಗಳಲ್ಲಿ ಹೊಯ್ದೆ. ಅರ್ಧ ಚೆಂಡಿನಂಥ ಸಬಕಾರ, ಕೈಯಲ್ಲಿ ಚೆನ್ನಾಗಿ ಕೂಡುತ್ತದೆ. ಒಂದನ್ನು ನೋಡಿ ಇನ್ನೊಬ್ಬರು ಬೇಡಿದರು. ಯುಗಾದಿಗೆ, ಸೀಮಂತಕ್ಕೆ, ಯಾರದೋ ಮನೆಯ ಬಾಣಂತನಕ್ಕೆ ನಾನು ಪರಟೆಯ ಸಬಕಾರ ಕೊಡುವುದು ರೂಢಿಯೇ ಆಯಿತು. ಈ ಓಣಿಯಲ್ಲಿ ನನ್ನ ಸಬಕಾರ ಇಲ್ಲದ ಬಚ್ಚಲು ಇರಲಿಲ್ಲ. ಎಂತಹ ಮನೆಗೆ ಎಂತಹ ಕಾರಣಕ್ಕೆ ಹುಟ್ಟಿದ ಸಬಕಾರ, ಎಲ್ಲರ ಮನೆ ಸೇರಿತು ಎಂದು ಒಳಗೊಳಗೇ ನನಗೆ ಹೆಮ್ಮೆ ಇತ್ತು. ಮಹಾನಂದಾಳ ನಿಶ್ಚಯದ ದಿನ ಅಣ್ಣಿಗೇರಿಯ ಬೀಗರಿಗೂ ಒಂದು ಬುಟ್ಟಿ ಕೊಟ್ಟೆ. ಬೀಗಿತಿ ಗುರವ್ವ, ನಿಮ್ಮ ಮಗಳ ಜೊತೆ ಈ ಕೈಗುಣವೂ ನಮ್ಮ ಮನಿಗೆ ಬರಲಿ ಎಂದು ಎಲ್ಲರ ಎದುರು ಹೊಗಳಿದರು.

ಇನ್ನು ಆ ಬುಧವಾರದ ಮಾತು. ನಿನ್ನ ಕಾರ್ಡು ಬಂದಿತ್ತು. ಮಧ್ಯಾಹ್ನದ ಹೆಂಗಸರ ಕಾರ್ಯಕ್ರಮದಲ್ಲಿ ಮನೆಯಲ್ಲೇ ಬಟ್ಟೆ ಸೋಪು ಮಾಡಿಕೊಳ್ಳುವ ಬಗ್ಗೆ ಮಾತಾಡುತ್ತೇನೆ, ತಪ್ಪದೆ ಕೇಳು, ನಿನಗೊಂದು ಆಶ್ಚರ್ಯ ಇದೆ ಎಂದು ಬರೆದಿದ್ದೆ. ಖುಷಿಗೆ ನನಗೆ ನೆಲ ಕಾಣಲಿಲ್ಲ. ನನ್ನ ಹೆಸರು ಹೇಳುತ್ತಾಳೆ ಎಂದುಕೊಂಡೆ. ಓಣಿಯ ಹೆಂಗಸರನ್ನೆಲ್ಲ ನಾನೇ ಮನೆಮನೆಗೆ ಹೋಗಿ ಕರೆದೆ. ಪಡಸಾಲೆಗೆ ನಮ್ಮ ಓಣಿಯ ಜಮೀಲಾಬಿ ನೇಯ್ದ ಜಮಖಾನ ಹಾಸಿದೆ, ರೇಡಿಯೋವನ್ನು ಗೂಡಿನಿಂದ ಇಳಿಸಿ ಸ್ಟೂಲಿನ ಮೇಲೆ ಇಟ್ಟೆ, ಚುರುಮುರಿ ಒಗ್ಗರಣೆ ಹಾಕಿದೆ. ಅಣ್ಣಿಗೇರಿಗೆ ಹೋಗುತ್ತಿದ್ದ ಈರಪ್ಪ ಕಾಕಾನ ಕೈಯಲ್ಲಿ ಬೀಗಿತಿಗೂ ಹೇಳಿ ಕಳಿಸಿದೆ, ಮರೆಯದೆ ರೇಡಿಯೋ ಹಚ್ಚಿರಿ ಎಂದು. ಈ ಸಂಬಂಧ ಕುದುರಿಸಿದವರೇ ಈರಪ್ಪ ಕಾಕಾ, ಅವರೂ ಖುಷಿಯಿಂದ ಒಯ್ದರು. ನನ್ನನ್ನು ಹಾಳು ಮಾಡುವ ಸಭೆಗೆ ನಾನೇ ಊರು ಕರೆದೆ.

ನೀನು ಮೊದಲು ಕಾಸ್ಟಿಕ್ಕಿನ ಎಚ್ಚರಿಕೆ ಹೇಳಿದೆ, ಎಲ್ಲರೂ ತಲೆ ಆಡಿಸಿದರು. ಸವಳು ನೀರಿನ ತೊಂದರೆ ಹೇಳಿದೆ. ಆಮೇಲೆ, ಕೊಬ್ಬರಿ ಎಣ್ಣೆ ಬೆರೆಸಿ ನೋಡಬಾರದೇಕೆ ಎಂದು ಒಂದು ದಿನ ನನಗೆ ಹೊಳೆಯಿತು ಎಂದೆ. ನಿನಗೆ ಹೊಳೆಯಿತು. ನಾನು ಚುರುಮುರಿಯ ತಾಟು ಹಿಡಿದು ನಿಂತವಳು ಹಾಗೇ ನಿಂತೆ. ಆದರೂ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಹೋಗಲಿ, ಗೆಳತಿಯ ಹೆಸರಾದರೆ ನನ್ನ ಹೆಸರೇ ಆಯಿತು ಎಂದು.

ಅಷ್ಟಕ್ಕೇ ಮುಗಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನೀನು ದನಿ ತಗ್ಗಿಸಿದೆ. ನವಲಗುಂದದ ನನ್ನೊಬ್ಬ ಗೆಳತಿ ಎಂದೆ. ಅವಳ ಗಂಡನಿಗೆ ಕುಷ್ಠವಾದಾಗ ಹೊರಗೆ ಅರಿವೆ ಕೊಡಲಾರದೆ, ಜನಕ್ಕೆ ಅಂಜಿ, ಹಿತ್ತಲಲ್ಲಿ ಒಬ್ಬಳೇ ಸಬಕಾರ ಕುದಿಸಿ ಅವನ ಗಾಯದ ಪಟ್ಟಿ ತೊಳೆದ ಧೀರೆ ಎಂದೆ. ಇಂದಿಗೂ ಅವಳು ತೆಂಗಿನ ಪರಟೆಯಲ್ಲೇ ಸೋಪು ಹೊಯ್ಯುತ್ತಾಳೆ ಎಂದೆ. ಈ ರೋಗಕ್ಕೆ ಹೆದರಬೇಕಿಲ್ಲ, ಗುಳಿಗೆ ನುಂಗಿದರೆ ಗುಣವಾಗುತ್ತದೆ, ರೋಗಿಯನ್ನು ದೂರ ಇಡಬೇಡಿ ಎಂದೆ. ಒಳ್ಳೆಯ ಮಾತುಗಳು. ಒಂದೂ ಸುಳ್ಳಲ್ಲ. ಆದರೆ ಅಷ್ಟು ಒಳ್ಳೆಯ ಮಾತು ನನ್ನ ಮನೆಯ ಬಾಗಿಲಿನಿಂದಲೇ ಏಕೆ ಹೊರಡಬೇಕಿತ್ತು? ಹೆಸರು ಹೇಳಿಲ್ಲ ಎಂದು ನೀನು ಅನ್ನಬಹುದು. ಪರಟೆ ಎಂದ ಮೇಲೆ ಹೆಸರು ಯಾಕೆ ಬೇಕು, ತುಳಸಾಬಾಯಿ? ಆ ಪಡಸಾಲೆಯಲ್ಲಿ ಕೂತ ಒಬ್ಬೊಬ್ಬರ ಬಚ್ಚಲಲ್ಲೂ ಆ ಹೆಸರು ಇಟ್ಟಿತ್ತು. ಎಣ್ಣೆಯ ಗುಟ್ಟು ನಿನ್ನದಾಯಿತು, ಮನೆಯ ಗುಟ್ಟು ನನ್ನದಾಯಿತು. ಹಂಚಿಕೆ ಚೆನ್ನಾಗಿದೆ.

ಸಾವಿತ್ರೆವ್ವ ಬಾಯಿಗೆ ಒಯ್ದಿದ್ದ ಚುರುಮುರಿಯನ್ನು ತಿರುಗಿ ತಾಟಿಗೆ ಹಾಕಿದಳು. ಒಲೆಯ ಮೇಲೆ ಹಾಲಿದೆ, ಕೂಸು ಎದ್ದಿರಬೇಕು ಎನ್ನುತ್ತ ಒಬ್ಬೊಬ್ಬರಾಗಿ ಎದ್ದರು. ಮಹಾನಂದಾ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡಿದಳು. ಆಗ ಅದರಲ್ಲಿ ನಿನಗೆ ಯಾರೋ ಧನ್ಯವಾದ ಹೇಳುತ್ತಿದ್ದರು.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಪರಟೆಯ ಸಬಕಾರಗಳು. ಕೆಲವು ಹೊಸವು, ಕೆಲವು ಅರ್ಧ ಸವೆದವು, ಒಂದಕ್ಕೆ ಯಾರದೋ ತಲೆಗೂದಲೂ ಅಂಟಿತ್ತು. ನನ್ನ ಎದುರು ಬಂದು ಕೊಡಲಾರದೆ ನಸುಕಿನಲ್ಲಿ ಇಟ್ಟು ಹೋಗಿದ್ದರು. ಆರು ವರ್ಷ ಅದರಿಂದಲೇ ಕೂಸುಗಳ ಅರಿವೆ ತೊಳೆದವರು. ಮಧ್ಯಾಹ್ನದ ಹೊತ್ತಿಗೆ ಜಮೀಲಾಬಿ ಬಂದಳು. ಅವಳೂ ತಂದಳೇನೋ ಎಂದು ಕೈ ನೋಡಿದೆ, ಬರಿಗೈ. ತನ್ನದು ಸವೆದು ಮುಗಿದಿದೆ, ಇನ್ನೊಂದು ಇದ್ದರೆ ಕೊಡಿರಿ ಎಂದು ಕೇಳಿದಳು. ಕಟ್ಟೆಯ ಮೇಲಿನವುಗಳಲ್ಲೇ ಒಂದು ಒಳ್ಳೆಯದನ್ನು ಆರಿಸಿಕೊಂಡು ಹೋದಳು. ಅವಳ ಮುಂದೆ ಅಳಬಾರದೆಂದು ನಾನು ಒಳಗೆ ಹೋದೆ.

ನಮ್ಮವರು ನಿನ್ನ ಮೇಲೆ ಸಿಟ್ಟಾಗಲಿಲ್ಲ. ನಾನು ನಿನಗೆ ಬಾಯಿಗೆ ಬಂದಂತೆ ಅಂದಾಗ, "ಆಕಿ ಸುಳ್ಳೇನ ಹೇಳಿಲ್ಲಲ್ಲ" ಎಂದಷ್ಟೇ ಹೇಳಿದರು. ಆದರೆ ಅಂದಿನಿಂದ ಮಠದ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಹೋದ ಒಂದು ದಿನ ಅವರು ಕೂತೊಡನೆ ಬಾಜು ಕೂತವರಿಗೆಲ್ಲ ಏನೋ ಕೆಲಸ ನೆನಪಾಯಿತಂತೆ. ಈಗ ಹೊಲದಿಂದ ನೇರ ಮನೆಗೆ ಬಂದು, ಆ ಎರಡು ಬೆರಳು ನೋಡುತ್ತ ಕೂಡುತ್ತಾರೆ.

ಎಂಟು ದಿನಕ್ಕೆ ಈರಪ್ಪ ಕಾಕಾ ಬಂದರು. ಚಹಾ ಬೇಡವೆಂದರು, ಆಗಲೇ ನನಗೆ ತಿಳಿಯಿತು. ಅಣ್ಣಿಗೇರಿಯವರು ಲಗ್ನ ಸದ್ಯಕ್ಕೆ ಬೇಡವೆನ್ನುತ್ತಾರೆ ಎಂದರು. ಬಸವ ಜಯಂತಿಯ ಮರುವಾರಕ್ಕೆ ಮುಹೂರ್ತ ಹಿಡಿದವರಿಗೆ ಸದ್ಯಕ್ಕೆ ಎಂದರೆ ಏನೆಂದು ನಾನು ಕೇಳಲಿಲ್ಲ. ರೋಗ ಗುಣವಾದ ಡಾಕ್ಟರ ಕಾಗದ ತೋರಿಸಿದೆ. ಅವರು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. ರೋಗದ ಮಾತಿಗಿಂತ ತಮ್ಮಿಂದ ಮುಚ್ಚಿಟ್ಟದ್ದು ಬೀಗಿತಿಯ ಮನಸ್ಸಿಗೆ ಹತ್ತಿದೆಯಂತೆ. ಇಷ್ಟು ಮುಚ್ಚಿಟ್ಟವರು ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂದು ಕೇಳಿದರಂತೆ. ನಿಶ್ಚಯಕ್ಕೆ ತಂದ ಹಸಿರು ಸೀರೆಯನ್ನು ಒಯ್ಯಲು ಏಪ್ರಿಲ್ ಇಪ್ಪತ್ತನೆಯ ತಾರೀಖು ಸೋಮವಾರ ಬರುತ್ತೇನೆ ಎಂದು ಹೇಳಿ ಎದ್ದರು. ಬಾಗಿಲಲ್ಲಿ ನಿಂತು, ಹುಡುಗನಿಗೆ ಇನ್ನೂ ಮನಸ್ಸಿದೆ ಎಂದು ಮೆಲ್ಲಗೆ ಹೇಳಿದರು. ಮಹಾನಂದಾ ಕದದ ಹಿಂದೆ ನಿಂತು ಎಲ್ಲ ಕೇಳಿದಳು. ಅವಳು ಒಂದು ಹನಿ ಅಳಲಿಲ್ಲ, ಅದೇ ನನಗೆ ಅಂಜಿಕೆ. ಊಟಕ್ಕೆ ಕೂತರೆ ರೊಟ್ಟಿ ಮುರಿದು ಮುರಿದು ಹಾಗೇ ಬಿಡುತ್ತಾಳೆ.

ಈಗ ನಾನು ಈ ಪತ್ರ ಬರೆದ ಕಾರಣ ಹೇಳುತ್ತೇನೆ. ನೀನು ಅಣ್ಣಿಗೇರಿಗೆ ಹೋಗಬೇಕು. ಇಪ್ಪತ್ತರ ಒಳಗೆ. ಗುರವ್ವನ ಎದುರು ಕೂತು, ರೇಡಿಯೋದಲ್ಲಿ ಹೇಳಿದ ಆ ಹೆಂಗಸು ಬೇರೆ, ಪರಟೆಯ ಸುಶೀಲವ್ವ ಬೇರೆ, ಮಾತಿನ ಭರದಲ್ಲಿ ಇಬ್ಬರನ್ನೂ ಕೂಡಿಸಿಬಿಟ್ಟೆ ಎಂದು ಹೇಳಬೇಕು. ನಮ್ಮವರ ಕಾಲಿನ ಬೆರಳು ಚಕ್ಕಡಿಯ ಗಾಲಿಗೆ ಸಿಕ್ಕಿದ್ದು ಎಂದು ಹೇಳಬೇಕು. ಈರಪ್ಪ ಕಾಕಾನಿಗೆ ತೋರಿಸಿದ ಕಾಗದವೂ ಬೇರೆಯವರದೆಂದು ಹೇಳು. ಅದು ನಮ್ಮ ಮನೆಗೆ ಹೇಗೆ ಬಂತೆಂದು ಕೇಳಿದರೆ ನೀನೇ ಏನಾದರೂ ಹುಟ್ಟಿಸು, ರೇಡಿಯೋದವರೆದುರು ಹೊಳೆದವಳಿಗೆ ಇಷ್ಟು ಹೊಳೆಯದೇ? ಟೀಚರಬಾಯಿಯ ಮಾತನ್ನು ಗುರವ್ವ ತೆಗೆದುಹಾಕುವುದಿಲ್ಲ. ಒಂದು ಖರೆ ಹೇಳಿ ನನ್ನ ಮಗಳ ಬಾಳು ಕೆಡಿಸಿದ್ದೀ. ಈಗ ಒಂದು ಸುಳ್ಳು ಹೇಳಿ ಸರಿಮಾಡು. ನಿನಗೆ ಕಷ್ಟವೆನಿಸಬಹುದು. ತಾಳಿ ಮುಟ್ಟಿ ಕೊಟ್ಟ ಮಾತು ಮುರಿಯುವುದಕ್ಕಿಂತ ಸುಳ್ಳು ಹೇಳುವುದು ಕಷ್ಟವೇ?

ನೀನು ನಮಗೆ ಮಾಡಿದ ಉಪಕಾರ ನಾನು ಮರೆತಿಲ್ಲ. ಆ ಕಾಲನ್ನು ನನ್ನ ಜೊತೆ ಮುಟ್ಟಿ ತೊಳೆದವಳು ನೀನೊಬ್ಬಳೇ. ಅದಕ್ಕೇ ಇಷ್ಟು ಉರಿಯುತ್ತದೆ. ಬೇರೆ ಯಾರೇ ಬಾಯಿ ಬಿಟ್ಟಿದ್ದರೂ ಜಗಳಾಡಿ ಮರೆಯುತ್ತಿದ್ದೆ. ನನ್ನ ಸೀರೆ ಕಳೆದ ತಾಯವ್ವ ಕೂಡ ನಮ್ಮ ಮನೆಯ ಹೊಲಸನ್ನು ಹೀಗೆ ಬೀದಿಗೆ ತರಲಿಲ್ಲ, ತುಳಸಾಬಾಯಿ. ನೀನು ತಂದೆ.

ಏಕನಾಥರಾಯರಿಗೆ ನಮ್ಮವರ ನಮಸ್ಕಾರ ತಿಳಿಸು. ಅವರು ಹೇಳಿದ್ದಾರೆ, ನಾನಲ್ಲ.

ಇಂತಿ,
ನಿನ್ನವಳು ಎಂದು ಬರೆಯಲು ಮನಸ್ಸಾಗದ
ಸುಶೀಲವ್ವ

ತಾ. ಕ.: ಮಂಗಳವಾರ, ಮಧ್ಯಾಹ್ನ.

ತುಳಸಾ, ಪತ್ರವನ್ನು ಇನ್ನೂ ಟಪಾಲಿಗೆ ಹಾಕಿಲ್ಲ. ನಿನ್ನೆಯೇ ಹಾಕಬೇಕೆಂದಿದ್ದೆ, ನಮ್ಮವರು ಪೇಟೆಗೆ ಹೋಗಲಿಲ್ಲ. ಹರಿದು ಬೇರೆ ಬರೆಯಬೇಕು, ಆದರೆ ನಾನು ಹೇಗೆ ಬರೆದಿದ್ದೆ ಎಂದು ನಿನಗೆ ತಿಳಿಯಲಿ ಎಂದು ಹಾಗೇ ಕಳಿಸುತ್ತಿದ್ದೇನೆ.

ಇವತ್ತು ಬೆಳಗ್ಗೆ ತಿಂಗಳ ಮೇಲೆ ಮೊದಲ ಸಲ ಗಡಿಗೆ ತೆಗೆದೆ, ಜಮೀಲಾಬಿಗೆ ಕೊಡಲಿಕ್ಕಾದರೂ ಇರಲಿ ಎಂದು. ಕೈಗೆ ಕಾಸ್ಟಿಕ್ಕು ಹತ್ತಿತ್ತು. ಬೀಗರ ಹಸಿರು ಸೀರೆ ತೆಗೆದಿಡು ಎಂದು ಮಹಾನಂದಾಳಿಗೆ ಹೇಳಿದೆ, ಟ್ರಂಕಿನ ಕೀಲಿ ನನ್ನ ಸೊಂಟದಿಂದ ಅವಳೇ ಬಿಚ್ಚಿಕೊಂಡಳು. ಆರು ವರ್ಷ ಆ ಕೀಲಿಯನ್ನು ಯಾರ ಕೈಗೂ ಕೊಟ್ಟವಳಲ್ಲ ನಾನು. ಗಡಿಗೆ ತಿರುವುವ ಗಡಿಬಿಡಿಯಲ್ಲಿ ಅದು ಹೊಳೆಯಲೇ ಇಲ್ಲ.

ಅವಳು ಹಿತ್ತಲಿಗೆ ಬಂದಾಗ ಕೈಯಲ್ಲಿದ್ದದ್ದು ಹಸಿರು ಸೀರೆಯಲ್ಲ. ಟ್ರಂಕಿನ ತಳದಲ್ಲಿ ಹಳೆಯ ಕೌದಿಯೊಳಗೆ ಸುತ್ತಿಟ್ಟಿದ್ದ ನಮ್ಮವ್ವನ ದಾಳಿಂಬೆ ಬಣ್ಣದ ಇಳಕಲ್. ಅವಳು ಕೇಳಿದ್ದು ಒಂದೇ ಮಾತು.

"ಅವ್ವಾ, ಇದನ್ನ ತಾಯವ್ವ ಕಳದಿದ್ಲಲ್ಲಾ?"

ಹೌದು ತುಳಸಾ. ಸೀರೆ ಕಳೆದಿರಲೇ ಇಲ್ಲ. ಆ ಪಟ್ಟಿಗಳನ್ನು ತಾಯವ್ವ ನೋಡಿದ್ದಾಳೆ, ಇನ್ನು ಅವಳನ್ನು ಮನೆಗೆ ಬರಗೊಟ್ಟರೆ ಊರಿಗೆಲ್ಲ ಹೇಳುತ್ತಾಳೆ ಎಂದು ಅಂಜಿ ನಾನು ಹುಟ್ಟಿಸಿದ ಮಾತು ಅದು. ಕಳ್ಳಿಯ ಮಾತನ್ನು ಯಾರು ನಂಬುತ್ತಾರೆ ಎಂದು ಲೆಕ್ಕ ಹಾಕಿದ್ದೆ. ನಿನಗೂ ಸುಳ್ಳು ಹೇಳಿದೆ, ನಿನ್ನಿಂದಲೇ ಅವಳನ್ನು ಬೈಸಿದೆ. ಸೀರೆ ಸುಟ್ಟುಬಿಡಬೇಕಿತ್ತು. ಅವ್ವನದೆಂದು ಸುಡಲು ಮನಸ್ಸಾಗಲಿಲ್ಲ, ಉಡಲು ಧೈರ್ಯವಾಗಲಿಲ್ಲ.

ತಾಯವ್ವನಿಗೆ ಆ ಪಟ್ಟಿ ತೊಳೆದ ದಿನವೇ ಎಲ್ಲ ತಿಳಿದಿತ್ತು. ಹನ್ನೊಂದು ಮನೆಯವರು ಕಳ್ಳಿ ಎಂದಾಗ, ಅವರ ಮನೆಯಲ್ಲಿ ಇಂಥ ರೋಗ ಇದೆ, ಅದಕ್ಕೇ ನನ್ನ ಮೇಲೆ ಹಾಕಿದರು ಎಂದು ಒಂದು ಮಾತು ಆಡಿದ್ದರೆ ಅವಳು ಉಳಿದುಕೊಳ್ಳುತ್ತಿದ್ದಳು. ಆಡಲಿಲ್ಲ. ಆರು ವರ್ಷ ಕಂಡವರ ಹೊಲದಲ್ಲಿ ಬಗ್ಗಿ ದುಡಿದಳು, ಎದುರು ಸಿಕ್ಕರೆ ಮಹಾನಂದಾ ಹೇಗಿದ್ದಾಳೆ ಎಂದು ಕೇಳುತ್ತಿದ್ದಳು. ನಾನು ಮುಖ ತಿರುವಿಕೊಂಡು ಹೋಗುತ್ತಿದ್ದೆ.

ಅಣ್ಣಿಗೇರಿಗೆ ಹೋಗಬೇಡ. ಮಹಾನಂದಾಳಿಗೆ ಎಲ್ಲ ಹೇಳಿದೆ, ಈ ಪತ್ರದಲ್ಲಿ ನಿನ್ನನ್ನು ಕೇಳಿದ್ದನ್ನೂ ಹೇಳಿದೆ. ಮತ್ತೊಂದು ಸುಳ್ಳಿನ ಮೇಲೆ ತನ್ನ ಲಗ್ನ ಬೇಡವೆಂದಳು. ನನ್ನ ಕಣ್ಣೆದುರೇ ಆ ದಾಳಿಂಬೆ ಸೀರೆಯನ್ನು ಉಟ್ಟಳು, ಸೆರಗು ಹೊದ್ದಳು, ಹಗಲು ಹೊತ್ತಿನಲ್ಲಿ ಓಣಿಯ ನಡುವೆ ನಡೆದು ತಾಯವ್ವನ ಮನೆಗೆ ಹೋದಳು. ಕಟ್ಟೆಗಳ ಮೇಲೆ ಎಲ್ಲರೂ ಇದ್ದರು. ಆ ಸೀರೆಯ ಗುರುತು ಎಲ್ಲರಿಗೂ ಇದೆ.

ಹೋಗಿ ಒಂದು ತಾಸಾಯಿತು, ಇನ್ನೂ ಬಂದಿಲ್ಲ. ನಾನು ಕೈ ತೊಳೆದುಕೊಂಡು ಬಂದು ಬಾಗಿಲಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಹೊಸ್ತಿಲು ದಾಟಲು ಕಾಲು ಬರುತ್ತಿಲ್ಲ.

ಸುಶೀಲಿ